ಎಡಗೈ ಕೊಟ್ಟ ಮಾನ್ಯ ಸಿಸ್ಟಮ್ ಅವರಿಗೆ

ಮಾನ್ಯ ಸಿಸ್ಟಮ್ ಅವರೇ,

ಮಡಗಾಂವಿನ ಮೋತಿ ಡೊಂಗರ್ ಗುಡ್ಡದ ಮೇಲೆ ವಾಸವಾಗಿರುವ ಶಿವವ್ವ ಎಂಬ ನಾನು, ಮನೆದೇವರಿಗೆ ದೀಪ ಹಚ್ಚಿ, ಕೈಕಾಲು ತೊಳೆದು, ಸೆರಗು ಸರಿಮಾಡಿಕೊಂಡು ತಮಗೆ ಬರೆಯುತ್ತಿರುವ ಪತ್ರ ಇದು. ದೊಡ್ಡವರಿಗೆ ಬರೆಯುವಾಗ ಮೊದಲು ಕ್ಷೇಮ ವಿಚಾರಿಸಬೇಕು ಎಂದು ಹೈಸ್ಕೂಲಿನಲ್ಲಿ ನಮಗೆ ಕಲಿಸಿದ್ದರು. ಆದ್ದರಿಂದ ಕೇಳುತ್ತೇನೆ, ತಾವು ಕ್ಷೇಮವೇ? ಕರೆಂಟು ಸರಿಯಾಗಿ ಬರುತ್ತಿದೆಯೇ? ತಮ್ಮನ್ನು ಇಟ್ಟಿರುವ ಕೋಣೆಯಲ್ಲಿ ಹಗಲೂ ರಾತ್ರಿ ಎ.ಸಿ. ನಡೆಯುತ್ತದೆ ಎಂದು ಕೇಳಿ ಸಂತೋಷವಾಯಿತು. ನಮ್ಮ ತಗಡಿನ ಮನೆಯಲ್ಲಿ ಈಗ ರೊಟ್ಟಿಯನ್ನು ಹಂಚಿನ ಮೇಲೆ ಹಾಕದಿದ್ದರೂ ಬೇಯುವಷ್ಟು ಸೆಕೆ ಇದೆ. ನಾವೂ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ನಾವು ಕ್ಷೇಮವೋ ಅಲ್ಲವೋ ಎಂಬುದು ತಮ್ಮ ಹೊಟ್ಟೆಯೊಳಗಿನ ವಿಷಯವಾದ್ದರಿಂದ ಆ ಸಾಲನ್ನು ತಮಗೇ ಬಿಟ್ಟಿದ್ದೇನೆ.

ಪತ್ರಿಕೆಯವರ ಮೂಲಕ ನಾಲ್ಕು ಜನರ ಎದುರು ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ಮನೆ ಯಾವುದು ಎಂದು ಯಾರಿಗೂ ಗೊತ್ತಿಲ್ಲ. ಪಣಜಿ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ತಮ್ಮ ಪರವಾಗಿ ಕೀಲಿ ಒತ್ತುವ ದೀಪಾ ಎಂಬ ಹುಡುಗಿಯನ್ನು ಕೇಳಿದೆ. ತಾವು ಇಲ್ಲಿಲ್ಲ, ಹೊರದೇಶದಲ್ಲಿ ಸರ್ವರ್ ಎಂಬುದರಲ್ಲಿ ಇರುತ್ತೀರಿ ಎಂದಳು. ಯಾವ ದೇಶ ಎಂದರೆ ಅದು ಅವಳಿಗೂ ತಿಳಿಯದು. ಭೇಟಿಗೆ ಏನು ತರಬೇಕು ಎಂದರೆ ಪಾಸ್‌ವರ್ಡ್ ಎಂದಳು. ನಮ್ಮ ಕಡೆಯ ದೇವರುಗಳು ಎಷ್ಟೇ ದೊಡ್ಡವರಿದ್ದರೂ ಬೆಳಿಗ್ಗೆ ಒಮ್ಮೆ ಬಾಗಿಲು ತೆಗೆಯುತ್ತಾರೆ, ಹಣ್ಣು ಕಾಯಿಗೆ ಮಣಿಯುತ್ತಾರೆ, ಹರಕೆ ಹೊತ್ತರೆ ಲೆಕ್ಕಕ್ಕೆ ಹಿಡಿಯುತ್ತಾರೆ. ತಮ್ಮಷ್ಟು ನಿಷ್ಠುರ ದೈವವನ್ನು ನಾನು ಕಂಡಿಲ್ಲ. ಅದಕ್ಕಾಗಿ ಮೊದಲು ಒಂದು ನಮಸ್ಕಾರ.

ಇನ್ನು ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಅಂಬಿಕಾ, ಎರಡನೆಯ ಇಯತ್ತೆ, ಬಾಯಿ ನನ್ನಷ್ಟೇ ಉದ್ದ. ತಾವು ಅವಳನ್ನು ಒಂದು ನಂಬರಿನಿಂದ ಬಲ್ಲಿರಿ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಜ್ವರ ಬಂದು ಬಂದು ಹೋಗಹತ್ತಿತು, ಮೈಮೇಲೆ ಯಾರೋ ಚಿವುಟಿದ ಹಾಗೆ ನೀಲಿ ಕಲೆಗಳು ಎದ್ದವು. ರಕ್ತದ ಕ್ಯಾನ್ಸರ್ ಎಂದರು. ಅದರಲ್ಲಿ ಇದು ಮಕ್ಕಳಿಗೆ ಹೆಚ್ಚಾಗಿ ಬರುವ ಜಾತಿಯದು, ಉದ್ದ ಹೆಸರು ಹೇಳಲು ಬಾಯಿ ತಿರುಗುವುದಿಲ್ಲ, ಡಾಕ್ಟರುಗಳು ಚಿಕ್ಕದಾಗಿ 'ಆಲ್' ಎನ್ನುತ್ತಾರೆ. ಆಲ್ ಎಂದರೆ ಎಲ್ಲಾ ಎಂದು ನಾನು ಹೈಸ್ಕೂಲಿನ ಇಂಗ್ಲಿಷಿನಲ್ಲಿ ಓದಿದವಳು. ಹೆಸರು ಇಟ್ಟವರಿಗೆ ಶಾಭಾಸ್ ಎನ್ನಬೇಕು. ಮನೆಯ ನಿದ್ದೆ, ಊಟ, ನನ್ನ ಮಗ ಹುಲಿಗೆಪ್ಪನ ಪಾಳಿ, ಸೊಸೆ ಅಶ್ವಿನಿಯ ನಗು, ಅಂಬಿಕಾಳ ಮೊಣಕಾಲುದ್ದದ ಜಡೆ, ಎಲ್ಲವನ್ನೂ ಅದು ಹೆಸರಿಗೆ ತಕ್ಕಂತೆ ತೆಗೆದುಕೊಂಡು ಹೋಯಿತು.

ಮೊದಲ ಸುತ್ತಿನ ಔಷಧಿಗೆ ರೋಗ ಹಿಂದೆ ಸರಿಯಿತು. ಆದರೆ ಕಳೆ ಕಿತ್ತ ಹೊಲದಲ್ಲಿ ಬೇರು ಉಳಿದಿರುವ ಹಾಗೆ ಎಲ್ಲೋ ಸ್ವಲ್ಪ ಉಳಿದಿರಬಹುದು ಎಂದು ಡಾಕ್ಟರಮ್ಮ ಹೇಳಿದರು. ಮುಂದಿನ ಸುತ್ತಿಗೆ ಎರಡು ದಾರಿಗಳಿವೆ: ಒಂದು ವರ್ಷಾನುಗಟ್ಟಲೆ ನಡೆದುಕೊಂಡು ಬಂದ ಔಷಧಿಗಳು, ಇನ್ನೊಂದು ಅವುಗಳ ಜೊತೆಗೆ ಹೊಸದೊಂದು ಔಷಧಿ. ಯಾವುದು ಮೇಲು ಎಂದು ತಿಳಿಯಲು ಟ್ರಯಲ್ ನಡೆದಿದೆ, ಒಪ್ಪಿದರೆ ನಿಮ್ಮ ಮಗುವನ್ನೂ ಸೇರಿಸಿಕೊಳ್ಳುತ್ತೇವೆ ಎಂದರು. ಹಾಗಾದರೆ ಅವಳಿಗೆ ಯಾವುದು ಕೊಡುತ್ತೀರಿ ಎಂದು ಕೇಳಿದೆ. ಅದನ್ನು ನಾನು ನಿರ್ಧರಿಸುವುದಿಲ್ಲ, ನೀವೂ ಅಲ್ಲ, ಸಿಸ್ಟಮ್ ನಿರ್ಧರಿಸುತ್ತದೆ ಎಂದರು. ತಮ್ಮ ಹೆಸರನ್ನು ನಾನು ಕೇಳಿದ್ದು ಅಂದೇ ಮೊದಲು.

ತಮಗೆ ಗೊತ್ತಿರಲಿ, ನಮ್ಮ ಮನೆಯಲ್ಲಿ ನಿರ್ಧಾರ ಎಂಬ ಕೆಲಸ ನನ್ನದು. ಯಾವ ಪಲ್ಯ, ಯಾವ ಸೊಸೆ, ಯಾವ ಶಾಲೆ, ಗ್ಯಾಸು ಯಾವಾಗ ಬರೆಸಬೇಕು, ಯಾರ ಜೊತೆ ಎಷ್ಟು ದಿನ ಮಾತು ಬಿಡಬೇಕು, ಎಲ್ಲವೂ. ಹುಲಿಗೆಪ್ಪ ಕಾಗದಕ್ಕೆ ಸಹಿ ಹಾಕುತ್ತಾನೆ, ಆದರೆ ಪೆನ್ನು ಎತ್ತುವ ಮೊದಲು ನನ್ನ ಮುಖ ನೋಡುತ್ತಾನೆ. ಒಪ್ಪಿಗೆಯನ್ನು ವಿಡಿಯೋ ಮಾಡುವುದು ನಿಯಮವಂತೆ. ನಾನು ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಅದರಲ್ಲಿ ಮಗ ಹೂಂ ಎನ್ನುವ ಮೊದಲು ಅವನ ಹಿಂದೆ ತಲೆಯಾಡಿಸಿದ ಹೆಂಗಸು ಕಾಣುತ್ತಾಳೆ, ಅದು ನಾನು. ಮಗುವನ್ನೂ ಕೇಳಬೇಕು ಎಂದು ಅಂಬಿಕಾಳನ್ನು ಕೇಳಿದರು. ಅವಳು ಹೂಂ ಎಂದು, ಆಮೇಲೆ ನನ್ನ ಕಡೆ ತಿರುಗಿ, ಡಾಕ್ಟರಮ್ಮನ ಎದುರಿಗೇ, "ಆಯಿ, ಸಿಸ್ಟಮ್ ಅನ್ನೂದು ನಿನಕಿಂತಾ ಜೋರ್ ಐತೇನ?" ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಈ ಪತ್ರ ಬರೆಯಲು ಒಂದು ಕಾರಣ ಅದೂ ಹೌದು.

ತಮ್ಮ ಕೆಲಸದ ವೈಖರಿಯನ್ನು ಹೊಗಳಲು ನನ್ನಲ್ಲಿ ಶಬ್ದಗಳಿಲ್ಲ. ನಮ್ಮ ಊರಿನಲ್ಲಿ ಪ್ಲಾಟು ಹಂಚಲಿ, ನೀರಿನ ಪಾಳಿ ಹಂಚಲಿ, ಚೀಟಿ ಬರೆದು ತಂಬಿಗೆಯಲ್ಲಿ ಹಾಕಿ, ಏನೂ ಅರಿಯದ ಮಗುವೊಂದನ್ನು ಕರೆದು, ಕಣ್ಣು ಮುಚ್ಚಿಸಿ, ಎಲ್ಲರ ಎದುರು ಎತ್ತಿಸುತ್ತಿದ್ದರು. ಚೀಟಿ ಬಿಚ್ಚುವವರೆಗೆ ಅರ್ಧ ಊರಿಗೆ ಉಸಿರು ಇರುತ್ತಿರಲಿಲ್ಲ. ಇಲ್ಲಿ ದೀಪಾ ಒಂದು ಕೀಲಿ ಒತ್ತಿದಳು, ನನಗೊಂದು ಸೀನು ಬಂತು, ಸೀನಿ ಕಣ್ಣು ತೆಗೆಯುವಷ್ಟರಲ್ಲಿ ತಾವು ನನ್ನ ಮೊಮ್ಮಗಳ ಹಣೆಬರಹ ಬರೆದು ಮುಗಿಸಿದ್ದಿರಿ. ಕೀಲಿಯನ್ನು ತಾನು ಒತ್ತಲೇ ಎಂದು ಅಂಬಿಕಾ ಕೇಳಿದ್ದಳು. ಅವಕಾಶವಿಲ್ಲ ಎಂದರು. ಏನೂ ಅರಿಯದ ಮಗು ಅಲ್ಲಿ ತಯಾರಾಗಿ ಕುಳಿತಿತ್ತು ಎಂಬುದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ದೀಪಾ ಪರದೆ ನೋಡಿ, ಅಂಬಿಕಾ ಎ ಆರ್ಮ್‌ಗೆ ಬಂದಿದ್ದಾಳೆ ಎಂದು ಹೇಳಿ, ಯಾರೋ ಕರೆದರೆಂದು ಎದ್ದು ಹೋದಳು. ಹುಲಿಗೆಪ್ಪ ನನ್ನ ಮುಖ ನೋಡಿದ. ನಾನು ಹೈಸ್ಕೂಲು ಓದಿದವಳು, ಆರ್ಮ್ ಎಂದರೆ ತೋಳು. ಎ ಎಂದರೆ ಎಡ, ಬಿ ಎಂದರೆ ಬಲ, ಇದರಲ್ಲಿ ಯಾರನ್ನಾದರೂ ಕೇಳುವುದು ಏನಿದೆ? ಔಷಧಿ ಎಡಗೈಗೆ ಎಂದು ಮಗನಿಗೆ ತಿಳಿಸಿದೆ. ನಮ್ಮ ಹಿಂದೆಯೇ ಇನ್ನೊಂದು ಮಗುವಿಗೆ ತಾವು ಬಿ ಕೊಟ್ಟಿರಿ. ಆ ಹುಡುಗ ನವೀದ. ಅವನನ್ನು ಕರೆತಂದ ಅಜ್ಜ ಮುರ್ತುಜಾಸಾಬರು ಸವಣೂರು ಕಡೆಯವರು, ದಾಬೋಲಿಮ್‌ನಲ್ಲಿ ಗೌಂಡಿ ಕೆಲಸ ಮಾಡಿ ಅರ್ಧ ವಿಮಾನ ನಿಲ್ದಾಣಕ್ಕೆ ಗಿಲಾವು ಹಚ್ಚಿದವರು. ಆ ವಾರ್ಡಿನಲ್ಲಿ ಕನ್ನಡದವರಿಗೆ ಯಾವುದು ತಿಳಿಯದಿದ್ದರೂ ನನ್ನ ಹತ್ತಿರ ಬರುವುದು ರೂಢಿಯಾಗಿತ್ತು. ಅವರೂ ಬಂದರು. ನಿಮ್ಮ ಹುಡುಗನಿಗೆ ಬಲಗೈ ಬಂದಿದೆ, ಪುಣ್ಯವಂತರು ಎಂದು ಹೇಳಿ ಕಳಿಸಿದೆ.

ನನಗೆ ಬಂದ ಸಿಟ್ಟನ್ನು ತಾವು ಊಹಿಸಬೇಕು, ಊಹಿಸುವ ಭಾಗವೇನಾದರೂ ತಮ್ಮಲ್ಲಿ ಇದ್ದರೆ. ನಾವು ಎಡಗೈಯಿಂದ ಒಬ್ಬರಿಗೆ ನೀರೂ ಕೊಡುವವರಲ್ಲ. ಅಂಥದ್ದರಲ್ಲಿ ಜೀವ ಉಳಿಸುವ ಔಷಧಿಯನ್ನು ಎಡಗೈಗೆ! ಆದರೆ ಬಂದದ್ದನ್ನು ಬಂದ ಹಾಗೆ ಬಿಡುವ ಹೆಂಗಸೂ ನಾನಲ್ಲ. ಮನೆಗೆ ಬಂದವಳೇ ಎಲ್ಲರನ್ನೂ ಕೂರಿಸಿ, ಇಂದಿನಿಂದ ಈ ಮನೆಯಲ್ಲಿ ಎಡಗೈ ಶುಭ ಎಂದು ಅಪ್ಪಣೆ ಮಾಡಿದೆ. ಅಂಬಿಕಾಳ ಎಡದೋಳಿಗೆ ಅರಿಶಿನ ಹಚ್ಚಿ ಕರಿದಾರ ಕಟ್ಟಿದೆ. ಅದು ಔಷಧದ ಕೈ, ಅದರಿಂದ ಚೀಲ ಎತ್ತಬಾರದು, ಜಗಳ ಮಾಡಬಾರದು ಎಂದೆ. ದೇವರ ಪ್ರಸಾದವನ್ನು ಎಡಗೈಯಲ್ಲಿ ತೆಗೆದುಕೊಂಡೆವು, ಎಡಗೈಯಲ್ಲಿ ಉಂಡೆವು. ಹುಲಿಗೆಪ್ಪ ವೆರ್ಣಾಕ್ಕೆ ಹೋಗುವ ಕಂಪನಿ ಬಸ್ಸನ್ನು ಎಡಗಾಲಿಟ್ಟು ಹತ್ತಿದ, ಕಾಲಿನ ವಿಷಯ ನಾನು ಹೇಳಿರಲಿಲ್ಲ, ಅದು ಅವನ ಸ್ವಂತ ಭಕ್ತಿ. ಇದೇ ವಾರದಲ್ಲಿ ಪಕ್ಕದ ಮನೆಯ ಧಾಮಿಬಾಯಿ, ಕೋಲ್ವಾ ಬೀಚಿನಲ್ಲಿ ಕನ್ನಡಿ ಹಚ್ಚಿದ ಚೀಲ ಮಾರುವವಳು, ಗಂಡ ಸತ್ತವಳೆಂದು ನೋಡದೆ ನನ್ನನ್ನೂ ತನ್ನ ಬಸುರಿ ಮಗಳಿಗೆ ಉಡಿ ತುಂಬಲು ಕರೆದಳು. ನಾನು ಹೋಗಿ ನಾಲ್ಕು ಮುತ್ತೈದೆಯರ ಎದುರು ಎಡಗೈಯಿಂದ ಉಡಿ ತುಂಬಿದೆ. "ಶಿವಕ್ಕ, ನಿನ್ನ ಸೇಡು ನನ್ನ ಮ್ಯಾಲ ಇತ್ತಂದ್ರ ನನ್ನ ಮ್ಯಾಲ ತೀರಿಸ್ಕೊ, ಹುಡುಗಿ ಉಡಿಗೆ ಯಾಕ ಬಂದಿ?" ಎಂದು ಅವಳು ಕೇಳಿದಳು. ಅಂದು ಬಿಟ್ಟ ಮಾತು ಇಂದಿಗೂ ಬಿಟ್ಟೇ ಇದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆಯಲು ಬಂದ ನರ್ಸಮ್ಮನಿಗೆ ನಾನು ಬಲಗೈ ಮಾತ್ರ ತೋರಿಸಿದೆ, ಎಡಗೈ ತಾಜಾ ಇರಲಿ ಎಂದು. ಅತ್ತ ಮುರ್ತುಜಾಸಾಬರು ನವೀದನ ಬಲಗೈಗೆ ಹಸಿರು ಬಟ್ಟೆ ಸುತ್ತಿ, ಹುಡುಗನಿಗೆ ತುತ್ತು ತಾವೇ ತಿನ್ನಿಸುತ್ತಿದ್ದರು. ಎರಡು ಮಕ್ಕಳು, ಒಂದು ಎಡಗಡೆ ಗಾಯಾಳು, ಒಂದು ಬಲಗಡೆ ಗಾಯಾಳು, ಕೂಡಿಸಿದರೆ ಒಬ್ಬ ಪೂರ್ಣ ಸೈನಿಕ ಆಗುವ ಹಾಗೆ ಎದುರುಬದುರು ಮಲಗಿದ್ದವು.

ಔಷಧಿಯ ದಿನ ಬಂತು. ಆ ವಾರವಷ್ಟೇ ಅಂಬಿಕಾಳ ಎದೆಯ ಚರ್ಮದ ಕೆಳಗೆ ಒಂದು ಸಣ್ಣ ಗುಂಡಿ ಇಟ್ಟಿದ್ದರು, ಔಷಧಿ ಹಾಕಲು ಸುಲಭವಾಗಲಿ ಎಂದು. ಅದರ ಹೆಸರು ಪೋರ್ಟ್. ನಮಗೆ ಗೊತ್ತಿದ್ದ ಪೋರ್ಟು ಒಂದೇ, ವಾಸ್ಕೋದ್ದು, ಅಲ್ಲಿ ನನ್ನ ಗಂಡ ಹೊಳೆಪ್ಪನವರು ಅದಿರು ಹೇರಿ ಹೇರಿ ಕೆಮ್ಮಿ ಸತ್ತರು. ಇರಲಿ. ನರ್ಸಮ್ಮ ಸೂಜಿ ತಂದು ಆ ಗುಂಡಿಗೆ ಚುಚ್ಚಲು ಹೋದರೆ ನಾನು ಅಡ್ಡ ನಿಂತೆ. ಸಿಸ್ಟಮ್ ಹೇಳಿದ್ದು ಎಡಗೈ, ಎದೆಗೆ ಯಾಕೆ ಎಂದೆ. ಎದುರು ಮಂಚದಿಂದ ಮುರ್ತುಜಾಸಾಬರೂ ಎದ್ದು ಬಂದು ನನ್ನ ಪಕ್ಕ ನಿಂತರು. ಕೊನೆಗೆ ದೀಪಾಳನ್ನು ಕರೆಸಿದರು. ಆಕೆ ಕಾರವಾರದವಳು, ಕನ್ನಡವನ್ನು ಕೊಂಕಣಿಯ ರಾಗದಲ್ಲಿ ಆಡುವವಳು. ನಮ್ಮ ಇಬ್ಬರ ಮಾತು ಕೇಳಿ, ಮಕ್ಕಳ ಕೈಗೆ ಕಟ್ಟಿದ ಕರಿದಾರ ಮತ್ತು ಹಸಿರು ಬಟ್ಟೆ ನೋಡಿ, ನೀರು ಕುಡಿದು, ಮೆಲ್ಲಗೆ ಹೇಳಿದಳು: "ಆಯಿ, ಆರ್ಮ್ ಅಂದ್ರೆ ಕೈ ನ್ಹಯ್. ಗುಂಪು. ಎ ಅಂದ್ರೆ ಹಳೇ ಔಷಧಿ ಗುಂಪು, ಬಿ ಅಂದ್ರೆ ಹೊಸದರ ಗುಂಪು. ಎಡ-ಬಲ ಅಂತ ನಿಮಗೆ ಹೇಳಿದ್ದು ಯಾರು?"

ಇಡೀ ವಾರ್ಡು ನನ್ನ ಕಡೆ ನೋಡಿತು.

ಮಾನ್ಯರೇ, ಗುಂಪು ಎಂಬ ಚಂದದ ಶಬ್ದ ಕನ್ನಡದಲ್ಲಿದೆ, ಇಂಗ್ಲಿಷಿನಲ್ಲೂ ಗ್ರೂಪು ಎಂದು ಇದೆ, ಅದನ್ನು ನಾವು ರಕ್ತಕ್ಕೂ ಬಳಸುತ್ತೇವೆ, ಫೋನಿಗೂ ಬಳಸುತ್ತೇವೆ. ಅದನ್ನು ಬಿಟ್ಟು ಕೈ ಎಂದು ಕರೆದ ಪಂಡಿತರು ಯಾರೋ, ಅವರ ಎರಡೂ ಕೈಗಳಿಗೆ ನನ್ನ ದಂಡವತ್. ಕೈಯೇ ಇಲ್ಲದ ತಾವು ಎಲ್ಲರಿಗೂ ಕೈ ಹಂಚುತ್ತೀರಿ. ನಮ್ಮ ಭಾಷೆಯಲ್ಲಿ ಕೈ ಕೊಡುವುದು ಎಂದರೆ ಏನರ್ಥ ಎಂದು ದೀಪಾಳನ್ನು ಕೇಳಿ ತಿಳಿಯಬೇಕು.

ಎಡಗೈಯ ಅಪಮಾನ ಹೋಯಿತು, ಅದರ ಜಾಗಕ್ಕೆ ದೊಡ್ಡದು ಬಂತು. ಅಂದರೆ ತಾವು ನನ್ನ ಮೊಮ್ಮಗಳಿಗೆ ಕೊಟ್ಟದ್ದು ಹಳೆಯದು. ಹುಟ್ಟಿದಾಗಿನಿಂದ ನಮಗೆ ಹಳೆಯದೇ ಬಂದಿದೆ: ಯಾರೋ ಬಿಟ್ಟ ಮನೆಯ ತಗಡು, ಯಾರದೋ ಮಕ್ಕಳು ತೊಟ್ಟು ಬಿಟ್ಟ ಯೂನಿಫಾರ್ಮು, ಯಾರೋ ಓದಿ ಮಡಿಸಿದ ಪುಸ್ತಕ. ಅದನ್ನು ತಮಗೆ ಯಾರು ಹೇಳಿದರು ಎಂದು ಆಶ್ಚರ್ಯವಾಯಿತು. ಎದುರು ಮಂಚದ ನವೀದನಿಗೆ ಹೊಸದು ಬಂತು. ಅದು ಸಣ್ಣ ಪಂಪಿನಿಂದ ಹಗಲೂ ರಾತ್ರಿ ಹನಿಹನಿಯಾಗಿ ಮೈಗೆ ಇಳಿಯುವಂಥದ್ದು. ಪಂಪಿಗೆ ಒಂದು ಚೀಲ, ಚೀಲಕ್ಕೆ ಎರಡು ಜಿಪ್ಪು, ಬೆನ್ನಿಗೆ ಹಾಕಿಕೊಂಡು ಹುಡುಗ ವಾರ್ಡಿನ ತುಂಬ ಓಡಾಡಬಹುದು. ಅಂಬಿಕಾ ಔಷಧಿಗೆ ಅಳಲಿಲ್ಲ, ಸೂಜಿಗೆ ಅಳಲಿಲ್ಲ, ಆ ಚೀಲ ತನಗೆ ಯಾಕಿಲ್ಲ ಎಂದು ಅತ್ತಳು.

ಆಶ್ಚರ್ಯವೆಂದರೆ ಮುರ್ತುಜಾಸಾಬರೂ ಸಂತೋಷದಿಂದ ಇರಲಿಲ್ಲ. "ಶಿವಕ್ಕ, ಹೊಸಾ ಸಿಮೆಂಟ್ ಮೊದಲ ನಮ್ಮನಿ ಸ್ಲ್ಯಾಬಿಗೇ ಯಾಕ್ರಿ? ಎರಡು ಮಳಿಗಾಲ ಮಂದಿ ಮನಿ ಮ್ಯಾಲ ನೋಡೂಣಲ್ರಿ" ಎಂದರು. ಅವರಿಗೆ ಹಳೆಯದು ಬೇಕಿತ್ತು, ನನಗೆ ಹೊಸದು ಬೇಕಿತ್ತು. ಇಷ್ಟು ಸುಲಭದ ಜಗಳ ನಾನು ನೋಡಿಯೇ ಇರಲಿಲ್ಲ. ಹುಲಿಗೆಪ್ಪನ ಕಾರ್ಖಾನೆಯಲ್ಲಿ ಪಾಳಿ ಬದಲಿ ಎಂಬ ಪದ್ಧತಿ ಇದೆ. ಬೆಳಗಿನ ಪಾಳಿಯವನಿಗೆ ಮದುವೆಗೆ ಹೋಗಬೇಕಿದ್ದರೆ ಮಧ್ಯಾಹ್ನದ ಪಾಳಿಯವನನ್ನು ಕೇಳುತ್ತಾನೆ, ಇಬ್ಬರೂ ಒಪ್ಪಿದರೆ ಸೂಪರ್‌ವೈಸರ್ ತಲೆಯಾಡಿಸುತ್ತಾನೆ, ಮುಗಿಯಿತು. ಮಷೀನು ಎಂದಾದರೂ ತಕರಾರು ಮಾಡಿದ್ದಿಲ್ಲ. ನಾವಿಬ್ಬರೂ ಚಹಾ ಕುಡಿದು, ಮಾತು ಪಕ್ಕಾ ಮಾಡಿಕೊಂಡು ದೀಪಾಳ ಕೋಣೆಗೆ ಹೋಗಿ, ಇವರದು ನಮಗೆ, ನಮ್ಮದು ಇವರಿಗೆ, ಎರಡೂ ಮನೆಯವರ ಒಪ್ಪಿಗೆ ಇದೆ, ಬದಲಿ ಮಾಡಿಕೊಡು ಎಂದೆವು. ಆ ಹುಡುಗಿ ಮೊದಲು ನಕ್ಕಳು. ಆಮೇಲೆ ನಾವು ನಗದಿದ್ದುದನ್ನು ನೋಡಿ ಡಾಕ್ಟರಮ್ಮನನ್ನು ಕರೆದಳು.

ಡಾಕ್ಟರಮ್ಮ ಕುಳಿತು, ಪಾಪ, ಬಹಳ ಹೊತ್ತು ತಿಳಿಸಿ ಹೇಳಿದರು. ಡಾಕ್ಟರುಗಳೇ ಆರಿಸುವಂತಿದ್ದರೆ ಅವರಿಗೆ ಇಷ್ಟವಾದ ಮಗುವಿಗೆ ಇಷ್ಟವಾದುದನ್ನು ಕೊಟ್ಟುಬಿಡುತ್ತಿದ್ದರಂತೆ, ನಾವೇ ಆರಿಸುವಂತಿದ್ದರೆ ಗಟ್ಟಿ ಬಾಯಿಯವರೆಲ್ಲ ಒಂದೇ ಕಡೆ ಸೇರುತ್ತಿದ್ದೆವಂತೆ, ಆಗ ಯಾವ ಔಷಧಿ ನಿಜವಾಗಿ ಮೇಲು ಎಂದು ಯಾರಿಗೂ ತಿಳಿಯದೆ ಹೋಗುತ್ತಿತ್ತಂತೆ. ಅದಕ್ಕೇ ಯಾರ ಮುಖವನ್ನೂ ನೋಡದ ತಮ್ಮ ಕೈಗೆ ಕೊಟ್ಟಿದ್ದಾರಂತೆ. ಹಾಗಾದರೆ ಹೊಸದು ಚಲೋದೋ ಹಳೆಯದು ಚಲೋದೋ, ನಿಮಗೆ ಗೊತ್ತಿರುವುದನ್ನು ಹೇಳಿ ಎಂದು ನಾನು ಕೇಳಿದೆ. ನನಗೆ ಗೊತ್ತಿಲ್ಲ ಎಂದರು. ಎರಡು ಗೋಡೆಗಳ ತುಂಬ ಸರ್ಟಿಫಿಕೇಟು ತೂಗಿಹಾಕಿಕೊಂಡು ಗೊತ್ತಿಲ್ಲ ಎಂದರು. ನಮ್ಮ ಗುಡ್ಡದಲ್ಲಿ ಗೊತ್ತಿಲ್ಲದವರೇ ಇಲ್ಲ. ಪಪ್ಪಾಯಿ ಎಲೆಯ ರಸ ಎಂದವರು ಗೊತ್ತಿದ್ದೇ ಹೇಳಿದರು, ಆಡಿನ ಹಾಲು ಎಂದವರೂ, ಮನೆಯ ಬಾಗಿಲು ತಿರುಗಿಸಿರಿ ಎಂದವರೂ ಗೊತ್ತಿದ್ದೇ ಹೇಳಿದರು. ಇಷ್ಟೊಂದು ಓದಿ ಗೊತ್ತಿಲ್ಲ ಎಂದವರನ್ನು ನಾನು ಜನ್ಮದಲ್ಲಿ ಮೊದಲ ಸಲ ನೋಡಿದ್ದು. ಬೈಯಬೇಕೆಂದು ಬಾಯಿ ತೆರೆದೆ, ಯಾವ ಬೈಗುಳವೂ ಹೊಂದಲಿಲ್ಲ.

ಬೇಡವೆಂದರೆ ಯಾವಾಗ ಬೇಕಾದರೂ ಟ್ರಯಲ್ ಬಿಡಬಹುದು, ಯಾರೂ ಸಿಟ್ಟಾಗುವುದಿಲ್ಲ ಎಂದೂ ಹೇಳಿದರು. ಬಿಟ್ಟರೆ ಅಂಬಿಕಾಳಿಗೆ ಏನು ಸಿಗುತ್ತದೆ ಎಂದೆ. ಅದೇ ಹಳೆಯ ಔಷಧಿ, ಅದೇ ಮಂಚ, ಇದೇ ನಾನು ಎಂದರು. ಹೊರಗೆ ಹೋದರೂ ಅದೇ ಕೋಣೆಗೆ ತೆರೆಯುವ ಇಂಥ ಉದಾರವಾದ ಬಾಗಿಲು ಕಟ್ಟಿದವರನ್ನು ಮುರ್ತುಜಾಸಾಬರೂ ಮೆಚ್ಚಿದರು, ಅವರು ಗೌಂಡಿಯಲ್ಲವೇ.

ಹೀಗೆ ತಮ್ಮ ಆಜ್ಞೆಯೇ ನಡೆಯಿತು. ಹೊಸದು ಇಳಿಯಲು ಶುರುವಾದ ಎರಡನೆಯ ದಿನವೇ ನವೀದನಿಗೆ ಜ್ವರ ಏರಿತು. ಹುಡುಗ ಅಜ್ಜನನ್ನು ಬೇರೆ ಯಾರದೋ ಹೆಸರಿನಿಂದ ಕರೆಯಹತ್ತಿದ. ಪಂಪು ನಿಲ್ಲಿಸಿದರು, ಇನ್ನೇನೋ ಔಷಧಿ ಕೊಟ್ಟರು. ಮುರ್ತುಜಾಸಾಬರು ಗೋಡೆಗೆ ಮುಖ ಮಾಡಿ ಕುಳಿತರು. ಆಗ ತಾವು ಅಂಬಿಕಾಳಿಗೆ ಕೊಟ್ಟ ಹಳೆಯದನ್ನು ನಾನು ಮನಸ್ಸಿನಲ್ಲೇ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ ಎಂದು ಬರೆದರೆ ತಾವು ಹಿಗ್ಗಬೇಕಿಲ್ಲ. ಕೆಲವು ದಿನಗಳಲ್ಲಿ ಹುಡುಗ ಸರಿಹೋದ. ಪಂಪು ಮತ್ತೆ ಮೆಲ್ಲಗೆ ಶುರುವಾಯಿತು, ಚೀಲ ಮತ್ತೆ ಬೆನ್ನಿಗೇರಿತು. ಅವನ ತಲೆಯ ಮೇಲೆ ಜೋಳದ ಮೊಳಕೆಯಂತೆ ಕೂದಲು ಮೂಡಿದವು. ಎಲ್ಲಿಂದಲೋ ತಂದ ಮಿರ್ಚಿ ಭಜಿಯನ್ನು ನರ್ಸಮ್ಮನ ಕಣ್ಣು ತಪ್ಪಿಸಿ ಬಾಯಿಗೆ ಹಾಕುವಷ್ಟು ಹುಷಾರಾದ.

ಅಷ್ಟರಲ್ಲಿ ನಮ್ಮ ಸರದಿ. ಹಳೆಯ ಔಷಧಿಗೆ ಅಂಬಿಕಾಳ ಬಾಯಿ ತುಂಬ ಹುಣ್ಣಾದವು. ನನಗೆ ಎದುರು ಮಾತಾಡುತ್ತಿದ್ದ ಬಾಯಿ ಅದು. ಉಗುಳು ನುಂಗಲಾರದೆ ಮಗು ಕಣ್ಣಲ್ಲೇ ನೀರು ತಂದುಕೊಂಡು ಮಲಗಿತು. ರಕ್ತದ ಬಲ ಕುಸಿಯಿತು, ಜ್ವರ ಬಂತು, ಯಾರೂ ಹತ್ತಿರ ಬರಬಾರದೆಂದು ಬೇರೆ ಕೋಣೆಯಲ್ಲಿಟ್ಟರು. ಬೇಕಾದದ್ದು ಎಡಗೈಯಿಂದ ತೋರಿಸುತ್ತಿದ್ದಳು. ದಾರ ಕಟ್ಟಿದ್ದ ಜಾಗದಲ್ಲಿ ಇನ್ನೂ ಗೆರೆ ಇತ್ತು. ಆ ದಿನಗಳಲ್ಲಿ ನಾನು ತಮಗೆ ಹಾಕಿದ ಶಾಪಗಳನ್ನು ಪತ್ರಿಕೆಯವರು ಅಚ್ಚು ಮಾಡಲಾರರು.

ಆ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾನು ಕುಳಿತಿದ್ದಾಗ ಮುರ್ತುಜಾಸಾಬರು ಬಂದು ಸ್ವಲ್ಪ ದೂರದಲ್ಲಿ ಕುಳಿತರು. ಬಹಳ ಹೊತ್ತು ಟೊಪ್ಪಿಗೆ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡರು. ಕೊನೆಗೆ ನೆಲ ನೋಡುತ್ತ ಹೇಳಿದರು: "ಶಿವಕ್ಕ, ಈಗ ನೀವು ಬಂದು ಬದ್ಲಿ ಮಾಡ್ಕೊಳ್ಳೂಣು ಅಂದ್ರ ನಾ ಒಲ್ಲೆ ಅಂತೀನ್ರಿ. ಅದನ್ನ ನಿಮಗ ಹೇಳದ ಕುಂದರಾಕ ಆಗವಲ್ದು."

ನಾನು ಹೇಳಿದೆ: "ಆವತ್ತು ನವೀದಗ ಜ್ವರ ಬಂದಾಗ ನಾನೂ ಒಲ್ಲೆ ಅಂತಿದ್ದೆ, ಸಾಬರ. ನೀವು ಕೇಳಲಿಲ್ಲ, ಅಷ್ಟ. ಇತ್ತ ಸರೀರಿ, ಅಲ್ಲಿ ಬಿಸಲು ಬೀಳಾಕತ್ತೈತಿ."

ಅಷ್ಟೇ ಮಾತು. ಚಹಾ ಬಂತು, ಕುಡಿದೆವು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಒಬ್ಬ ಮುದುಕ, ಒಬ್ಬ ಮುದುಕಿ, ಒಬ್ಬರ ಮೊಮ್ಮಗು ನರಳಿದಾಗ ಇನ್ನೊಬ್ಬರು ಒಳಗೊಳಗೇ ಉಸಿರು ಬಿಡುವ ಹಾಗೆ ನಮ್ಮನ್ನು ಎದುರುಬದುರು ಕೂರಿಸಿದವರು ತಾವು. ಅದೂ ನನ್ನ ಸೀನಿನಷ್ಟು ಹೊತ್ತಿನಲ್ಲಿ. ಇಷ್ಟು ಕಡಿಮೆ ಶ್ರಮದಿಂದ ಇಷ್ಟು ದೊಡ್ಡ ಕೆಲಸ ಮಾಡಿದ ನೌಕರರಿಗೆ ವೆರ್ಣಾದ ಯಾವ ಕಾರ್ಖಾನೆಯಲ್ಲಾದರೂ ಆಗಸ್ಟ್ ಹದಿನೈದಕ್ಕೆ ಶಾಲು ಹೊದಿಸುತ್ತಾರೆ. ತಮ್ಮ ಭುಜ ಎಲ್ಲಿದೆ ಎಂದು ತಿಳಿಸಿದರೆ ನಾನೇ ಒಂದು ಕೊಳ್ಳುತ್ತೇನೆ.

ಅಂಬಿಕಾ ಈಗ ಎದ್ದು ಕುಳಿತಿದ್ದಾಳೆ. ಬಾಯಿ ವಾಸಿಯಾಗಿದೆ, ವಾಸಿಯಾಗಿದೆ ಎಂದು ಇಡೀ ವಾರ್ಡಿಗೆ ಕೇಳಿಸುತ್ತಿದೆ. ಬರುವ ವಾರ ಇಬ್ಬರೂ ಮಕ್ಕಳ ಎಲುಬಿನ ಮಜ್ಜೆ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಒಂದೇ ದಿನ, ಒಂದರ ಹಿಂದೆ ಒಂದು. ಬೇರು ಉಳಿದಿದೆಯೋ ಹೋಗಿದೆಯೋ ಅದರಲ್ಲಿ ತಿಳಿಯುತ್ತದೆ. ಆ ಉತ್ತರ ತಮ್ಮ ಹೊಟ್ಟೆ ಸೇರುತ್ತದೆ, ಇನ್ನೂ ಎಷ್ಟೋ ಊರಿನ, ಎಷ್ಟೋ ಮಕ್ಕಳ ಉತ್ತರಗಳ ಜೊತೆ. ಅವೆಲ್ಲ ಕೂಡಿ ಒಂದು ದಿನ ಎ ಗೆದ್ದಿತು ಅಥವಾ ಬಿ ಗೆದ್ದಿತು ಎಂದು ತಾವು ಹೇಳುತ್ತೀರಂತೆ. ಮುಂದೆ ಬರುವ ಮಕ್ಕಳಿಗೆ ಅದರಿಂದ ಒಳ್ಳೆಯದಾಗುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಾರೆ. ಆಗಲಿ. ಆ ಮಕ್ಕಳು ನೂರು ವರ್ಷ ಬಾಳಲಿ, ನಾನು ಅವರಿಗೆ ಅಡ್ಡ ಬರುವವಳಲ್ಲ.

ಆದರೆ ತಮ್ಮಲ್ಲಿ ನನ್ನ ಬೇಡಿಕೆ ಬೇರೆ ಇದೆ. ಅದು ಆಗದ ಬೇಡಿಕೆ ಎಂದು ದೀಪಾ ಈಗಾಗಲೇ ಹೇಳಿದ್ದಾಳೆ, ಅದಕ್ಕೇ ತಮ್ಮಲ್ಲಿ ಕೇಳುತ್ತಿದ್ದೇನೆ. ಆಗುವ ಕೆಲಸವಾಗಿದ್ದರೆ ನಾನೇ ಮಾಡುತ್ತಿದ್ದೆ. ದಯವಿಟ್ಟು ಎ ಗೆಲ್ಲಿಸಬೇಡಿ, ಬಿ ಗೆಲ್ಲಿಸಬೇಡಿ. ಎರಡೂ ಸಮ ಎಂದು ಬರಲಿ. ಇಷ್ಟು ದೇಶದ ಇಷ್ಟು ಜನ ಓದಿದವರು ಇಷ್ಟು ವರ್ಷ ದುಡಿದು ಕೊನೆಗೆ ಏನೂ ವ್ಯತ್ಯಾಸವಿಲ್ಲ ಎಂದು ತಿಳಿದು ತಲೆ ಕೆರೆದುಕೊಂಡರೆ ಅವರಿಗೆ ಚಹಾ ಮಾಡಿಕೊಡುವ ಜವಾಬ್ದಾರಿ ನನ್ನದು. ಎ ಗೆದ್ದರೆ ನಾನು ಮುರ್ತುಜಾಸಾಬರ ಮುಖ ಹೇಗೆ ನೋಡಲಿ? ಬಿ ಗೆದ್ದರೆ ಅವರು ನನ್ನ ಮುಖ ಹೇಗೆ ನೋಡಲಿ? ನಾವು ಒಂದೇ ಬೆಂಚಿನವರು.

ತಮಗೆ ಇದು ಹೊಸ ವಿಚಾರವೆನಿಸಿದರೆ ನಮ್ಮ ಮನೆಯನ್ನು ನೋಡಿ ಕಲಿಯಬಹುದು. ಆರ್ಮ್ ಎಂದರೆ ಕೈ ಅಲ್ಲ ಎಂದು ತಿಳಿದ ಮೇಲೂ ನಾನು ಮಾಡಿದ ಅಪ್ಪಣೆಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ, ಹಾಗೆ ತೆಗೆದುಕೊಳ್ಳುವ ರೂಢಿ ನನಗಿಲ್ಲ. ಮಾಡಿದ ಬದಲಾವಣೆ ಒಂದೇ: ಎಡಗೈ ಶುಭ, ಬಲಗೈಯೂ ಶುಭ ಎಂದೆ. ನಮ್ಮ ತಗಡಿನ ಕೆಳಗೆ ಈಗ ಎರಡೂ ಸಮ. ಮುಂದಿನ ವಾರ ಎರಡೂ ಮಕ್ಕಳ ಉತ್ತರ ನೆಟ್ಟಗೆ ಬರಲಿ, ಆಮೇಲೆ ನಾನು ತಮಗೆ ನಿಜವಾಗಿ ಕೈ ಮುಗಿಯುತ್ತೇನೆ. ಈಗ ಮುಗಿಯಲಾರೆ. ಒಂದೇ ಕೈಯಿಂದ ನಮಸ್ಕಾರ ಮಾಡಲು ಬರುವುದಿಲ್ಲ, ತಾವೇ ಪ್ರಯತ್ನಿಸಿ ನೋಡಬಹುದಿತ್ತು, ತಮಗೆ ಒಂದಾದರೂ ಇದ್ದಿದ್ದರೆ.

ಮುಂದಿನ ವಾರದವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಶಿವವ್ವ
ಅಂಬಿಕಾಳ ಆಯಿ, ಮೋತಿ ಡೊಂಗರ್, ಮಡಗಾಂವ

ತಾ.ಕ.: ಅಂಬಿಕಾ ಈಗ ಎಡಗೈಯಿಂದಲೇ ಉಣ್ಣುತ್ತಾಳೆ, ಎಡಗೈಯಿಂದಲೇ ಬರೆಯುತ್ತಾಳೆ, ಮೊನ್ನೆ ನವೀದನ ಚೀಲದ ಜಿಪ್ಪು ಎಳೆದು ಅವನ ಬೆನ್ನಿಗೆ ಗುದ್ದಿದ್ದೂ ಎಡಗೈಯಿಂದಲೇ. ಬೈದರೆ, ಸಿಸ್ಟಮ್ ಹೇಳಿದೆ ಎನ್ನುತ್ತಾಳೆ. ತಾವು ಹೇಳಿಲ್ಲ ಎಂದು ಇಬ್ಬರಿಗೂ ಗೊತ್ತು. ಆದರೂ ಈ ಮನೆಯಲ್ಲಿ ನನ್ನ ಮಾತಿಗೆ ಎದುರಾಗಿ ಯಾರಾದರೂ ತಮ್ಮ ಹೆಸರು ಹೇಳಿದ್ದು ಇದೇ ಮೊದಲು. ನಿನಕಿಂತಾ ಜೋರ್ ಐತೇನ ಎಂದು ಅವಳು ಕೇಳಿದ್ದಳಲ್ಲ, ಆ ಉತ್ತರ ಬಾಕಿ ಇದೆ. ಅವಳಿಗೆ ಮದುವೆಯಾಗಿ, ಅವಳ ಉಡಿಯನ್ನು ನಾನು ಯಾವುದಾದರೂ ಒಂದು ಕೈಯಿಂದ ತುಂಬುವ ದಿನ ಹೇಳುತ್ತೇನೆ. ಅಲ್ಲಿಯವರೆಗೆ ತಮ್ಮ ಕರೆಂಟು ಹೋಗದಿರಲಿ.